ನೆಲವೂ ಡೊಂಕಿರಬಹುದು

'ಕುಣಿಯಲಾರದವಳು ನೆಲ ಡೊಂಕೆಂದಳಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕ ನನ್ನ ಅಧ್ಯಾಪನದ ಅವಧಿಯಲ್ಲಿ ಈ ಗಾದೆಯನ್ನು ಎಷ್ಟು ತರಗತಿಗಳಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ತನ್ನ ಅಸಾಮರ್ಥ್ಯವನ್ನು ಒಪ್ಪಿಕೊಳ್ಳಲಾರದೆ ಸಾಧನವನ್ನು ದೂರುವವರನ್ನು ಕುರಿತ ಮಾತಿದು ಎಂದು ಹೇಳಿ, ಪೆನ್ನು ಸರಿಯಿರಲಿಲ್ಲವಾದ್ದರಿಂದ ಅಂಕ ಕಡಿಮೆಯಾಯಿತೆನ್ನುವ ಹುಡುಗನ ಉದಾಹರಣೆ ಕೊಟ್ಟು, ಮುಂದಿನ ಗಾದೆಗೆ ಹೋಗುತ್ತಿದ್ದೆ. ಆ ನೆಲ ನಿಜವಾಗಿಯೂ ಸಮನಾಗಿತ್ತೇ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೆಂದು ನನಗೂ ತೋರಲಿಲ್ಲ. ಅದನ್ನು ನನ್ನಲ್ಲಿ ಹುಟ್ಟಿಸಿದವರು ಟೆನಿಸ್ ಆಟದ ಹುಚ್ಚು ಹತ್ತಿಸಿಕೊಂಡ ನನ್ನ ಗೆಳೆಯರೊಬ್ಬರು.

ಅವರು ನನ್ನ ವಯಸ್ಸಿನವರೇ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದು ನಿವೃತ್ತರಾದವರು. ನಮ್ಮ ಊರಿನ ಕ್ಲಬ್ಬಿನಲ್ಲಿ ಒಂದು ಮಣ್ಣಿನ ಅಂಗಣವುಂಟು. ಬೆಳಿಗ್ಗೆ ಆರು ಗಂಟೆಗೆ ಅಲ್ಲಿ ಸೇರುವ ಏಳೆಂಟು ಮಂದಿ ವೃದ್ಧರಲ್ಲಿ ನಾವಿಬ್ಬರು. ಉಳಿದವರು ಆಡುವುದಕ್ಕಾಗಿ ಬರುತ್ತೇವೆ. ಈ ನನ್ನ ಗೆಳೆಯರು ಪರೀಕ್ಷಿಸುವುದಕ್ಕಾಗಿ ಬರುತ್ತಾರೆ. ಅವರ ಮನೆಯ ಬೀರುವಿನಲ್ಲಿ ಸೀರೆಗಳಿರಬೇಕಾದ ಕಡೆ ಹನ್ನೊಂದು ರ‍್ಯಾಕೆಟ್‌ಗಳು ತೂಗಾಡುತ್ತವೆ. ಅಡಿಗೆಮನೆಯ ತಕ್ಕಡಿ ಅವರ ಕೋಣೆಗೆ ಹೋಗಿ ಎಷ್ಟೋ ಕಾಲವಾಯಿತೆಂದು ಅವರ ಮನೆಯಾಕೆ ಒಮ್ಮೆ ನನ್ನೊಡನೆ ಹೇಳಿದರು: "ಮೇಷ್ಟ್ರೇ, ಈಗ ನಮ್ಮ ಮನೆಯಲ್ಲಿ ಬೇಳೆಗೆ ಕಣ್ಣಳತೆ, ಬ್ಯಾಟಿಗೆ ಗ್ರಾಮಿನ ಅಳತೆ." ಅವರು ತೂಗಿದ್ದನ್ನೂ ಅಳೆದದ್ದನ್ನೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾರೆ. ಇಂಥ ತಂತಿ, ಇಷ್ಟು ಬಿಗಿ, ಇಷ್ಟು ದಿನ ಬಾಳಿತು, ಮುಂಗೈ ಹೊಡೆತ ಹೀಗೆ, ಹಿಂಗೈ ಹೊಡೆತ ಹಾಗೆ, ಎಂದು. ನಾವು ನಗುತ್ತಿದ್ದೆವು. ಏಕೆಂದರೆ ಇಷ್ಟೆಲ್ಲ ಪರೀಕ್ಷೆಯಾದ ಮೇಲೂ ಅವರ ಎರಡನೆಯ ಸರ್ವೀಸು ಬಲೆಗೇ ಬೀಳುತ್ತಿತ್ತು. ಗಾದೆ ನನ್ನ ನಾಲಗೆಯ ತುದಿಯಲ್ಲಿತ್ತು. ಒಂದು ದಿನ ಹೇಳಿಯೂಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. "ಮೇಷ್ಟ್ರೇ, ನೆಲವನ್ನು ಅಳೆದು ನೋಡಿದವರ ಕಥೆ ಒಂದಿದೆ, ಕೇಳುತ್ತೀರಾ?" ಎಂದರು. ಆ ಕಥೆಯನ್ನೂ ಅದರ ಸುತ್ತಮುತ್ತ ನಾನು ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಹೋವರ್ಡ್ ಹೆಡ್ ಎಂಬಾತ ಅಮೆರಿಕದ ಒಬ್ಬ ವಿಮಾನ ಎಂಜಿನಿಯರ್. 1914ರಲ್ಲಿ ಹುಟ್ಟಿದವನು. 1947ರಲ್ಲಿ ವರ್ಮಾಂಟ್ ಪ್ರಾಂತದ ಸ್ಟೋವ್ ಎಂಬಲ್ಲಿ ಮೊಟ್ಟಮೊದಲ ಬಾರಿಗೆ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಇಳಿದ. ಪದೇ ಪದೇ ಬಿದ್ದ. ಬಿದ್ದವನು ತನ್ನ ಕಾಲನ್ನು ದೂರಲಿಲ್ಲ. ಕಾಲಿಗೆ ಕಟ್ಟಿದ್ದ ಮರದ ಪಟ್ಟಿಗಳನ್ನು ದೂರಿದ. ಕೇಳಿದವರು ನಕ್ಕಿರಬೇಕು. ಆದರೆ ಆತ ದೂರಿ ಸುಮ್ಮನಾಗಲಿಲ್ಲ. ವಿಮಾನದ ರೆಕ್ಕೆಗಳನ್ನು ಕಟ್ಟುವ ಕ್ರಮ ಅವನಿಗೆ ಗೊತ್ತಿತ್ತು. ತೆಳುವಾದ ಎರಡು ಲೋಹದ ಹಾಳೆಗಳ ನಡುವೆ ಹಗುರವಾದ ವಸ್ತುವನ್ನಿಟ್ಟು ಅಂಟಿಸಿದರೆ, ತೂಕ ಕಡಿಮೆಯಾಗಿಯೂ ಗಟ್ಟಿತನ ಹೆಚ್ಚಾಗಿಯೂ ಇರುತ್ತದೆ. ಇಸ್ಪೀಟಿನಲ್ಲಿ ಗೆದ್ದ ಆರು ಸಾವಿರ ಡಾಲರನ್ನು ಬಂಡವಾಳವಾಗಿಟ್ಟು ಲೋಹದ ಸ್ಕೀ ಮಾಡತೊಡಗಿದ. ಮೊದಲು ಮಾಡಿದವು ಮುರಿದವು. ಆಮೇಲೆ ಮಾಡಿದವೂ ಮುರಿದವು. ಒಂದೊಂದು ಮುರಿತದಿಂದಲೂ ಒಂದೊಂದು ಪಾಠ ಕಲಿತು, ಕೆಲವು ಚಳಿಗಾಲಗಳ ಪರೀಕ್ಷೆಯ ಅನಂತರ ಮುರಿಯದ ಸ್ಕೀಯನ್ನು ಮಾಡಿದ. 1950ರಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. 1969ರಲ್ಲಿ ಅದನ್ನು ಮಾರಿ ಧನಿಕನಾಗಿ ನಿವೃತ್ತನಾದ.

ಇಲ್ಲಿಗೇ ಕಥೆ ಮುಗಿದಿದ್ದರೆ ನನಗೆ ಹೇಳಲು ವಿಷಯವಿರುತ್ತಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆತ ಟೆನಿಸ್ ಕಲಿಯಲು ಹೊರಟ. ಅಲ್ಲಿಯೂ ಆಟ ಕೈಗೆ ಹತ್ತಲಿಲ್ಲ. ಅಭ್ಯಾಸಕ್ಕೆಂದು ಚೆಂಡನ್ನು ಎಸೆಯುವ ಯಂತ್ರವೊಂದನ್ನು ಕೊಂಡುತಂದ. ಅದನ್ನು ತಯಾರಿಸುತ್ತಿದ್ದುದು ಪ್ರಿನ್ಸ್ ಎಂಬ ಸಣ್ಣ ಕಂಪನಿ. ಯಂತ್ರದಲ್ಲಿ ಕಂಡ ಕುಂದುಗಳನ್ನು ತಿದ್ದಿಕೊಡುತ್ತ, ಕೊನೆಗೆ ಆ ಕಂಪನಿಯ ಮುಖ್ಯಸ್ಥನೇ ಆದ. ಯಂತ್ರ ಸರಿಹೋಯಿತು; ಆಟ ಮಾತ್ರ ಸರಿಹೋಗಲಿಲ್ಲ. ಆಗ ಅವನ ದೃಷ್ಟಿ ಕೈಯಲ್ಲಿದ್ದ ರ‍್ಯಾಕೆಟ್ಟಿನ ಮೇಲೆ ಬಿತ್ತು.

ಟೆನಿಸ್ ಆಡಿದವರಿಗೆಲ್ಲ ಒಂದು ಅನುಭವವುಂಟು. ಚೆಂಡು ತಂತಿಗಳ ನಟ್ಟನಡುವೆ ಬಿದ್ದರೆ ಹೊಡೆತ ಹಿತವಾಗಿರುತ್ತದೆ. ಕೈಗೆ ಏನೂ ತಿಳಿಯುವುದೇ ಇಲ್ಲ. ಎರಡು ಬೆರಳಿನಷ್ಟು ಪಕ್ಕಕ್ಕೆ ಬಿದ್ದರೆ ರ‍್ಯಾಕೆಟ್ಟು ಅಂಗೈಯಲ್ಲಿ ತಿರುಚಿಕೊಳ್ಳುತ್ತದೆ. ಚೆಂಡು ಎಲ್ಲಿಗೋ ಹೋಗುತ್ತದೆ. ನುರಿತವನು ನಡುವೆಯೇ ಹೊಡೆಯುತ್ತಾನೆ. ನುರಿಯದವನಿಗೆ ಅದು ಒದಗುವುದಿಲ್ಲ. ಆದ್ದರಿಂದ ತಪ್ಪು ಆಟಗಾರನದೆಂಬುದು ಲೋಕದ ತೀರ್ಪು. ಹೋವರ್ಡ್ ಹೆಡ್ ಕೇಳಿದ ಪ್ರಶ್ನೆ ಬೇರೆ: ರ‍್ಯಾಕೆಟ್ಟು ಹಾಗೆ ತಿರುಚಿಕೊಳ್ಳಲೇಬೇಕೆಂದು ಯಾರು ವಿಧಿಸಿದ್ದಾರೆ?

ಡೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಯನ್ನು ನೀವು ನೋಡಿರುತ್ತೀರಿ. ಅವಳ ಕೈಯಲ್ಲಿ ಅಡ್ಡಲಾಗಿ ಒಂದು ಉದ್ದನೆಯ ಗಳುವಿರುತ್ತದೆ. ಗಳು ಉದ್ದವಾದಷ್ಟೂ ಅದನ್ನು ಓಲಿಸುವುದು ಕಷ್ಟ. ಆ ಸಾವಕಾಶದಲ್ಲಿ ಹುಡುಗಿ ತನ್ನ ಸಮತೋಲವನ್ನು ಮರಳಿ ಪಡೆಯುತ್ತಾಳೆ. ತೂಕ ನಡುವಿನಿಂದ ದೂರ ಹೋದಷ್ಟೂ ತಿರುಗುವಿಕೆಯನ್ನು ಅದು ಹೆಚ್ಚು ತಡೆಯುತ್ತದೆ. ಅದೂ ದೂರದ ವರ್ಗದ ಪ್ರಮಾಣದಲ್ಲಿ. ರ‍್ಯಾಕೆಟ್ಟಿನ ತಲೆಯನ್ನು ಐದರಲ್ಲೊಂದು ಪಾಲು ಅಗಲಿಸಿದರೆ, ತೂಕ ಮೊದಲಿನಷ್ಟೇ ಇದ್ದರೂ, ತಿರುಚನ್ನು ಎದುರಿಸುವ ಶಕ್ತಿ 1.2ನ್ನು 1.2ರಿಂದ ಗುಣಿಸಿದಷ್ಟು, ಎಂದರೆ 1.44ರಷ್ಟಾಗುತ್ತದೆ. ಶಾಲೆಯ ಹುಡುಗರಿಗೂ ಬರುವ ಲೆಕ್ಕ. ಆದರೂ ಆಟ ಹುಟ್ಟಿ ನೂರು ವರ್ಷವಾಗುವವರೆಗೆ ಇದನ್ನು ಬಳಸಿಕೊಂಡು ಲೋಕಪ್ರಸಿದ್ಧವಾದ ರ‍್ಯಾಕೆಟ್ಟು ಬಂದಿರಲಿಲ್ಲ. ಅದಕ್ಕೆ ಕಾರಣವೂ ಉಂಟು. ಮರವನ್ನು ಬಗ್ಗಿಸಿ ಮಾಡಿದ ಚೌಕಟ್ಟನ್ನು ಬಹಳ ಅಗಲಿಸಿದರೆ ತಂತಿಗಳ ಎಳೆತವನ್ನು ತಾಳಲಾರದೆ ಅದು ಸೊಟ್ಟಾಗುತ್ತದೆ. ದಪ್ಪ ಮಾಡಿದರೆ ಎತ್ತಲಾಗದಷ್ಟು ಭಾರವಾಗುತ್ತದೆ. ಮರಕ್ಕೆ ತನ್ನದೇ ಆದ ಮಿತಿಯಿತ್ತು. ಆ ಮಿತಿಯನ್ನೇ ನಾವು ಆಟದ ಧರ್ಮವೆಂದು ತಿಳಿದಿದ್ದೆವು.

ಹೆಡ್ ಅಲ್ಯೂಮಿನಿಯಮ್ ಕೊಳವೆಯನ್ನು ಬಳಸಿದ. ಮರದ ರ‍್ಯಾಕೆಟ್ಟಿನ ತಂತಿಯ ಹರವು ಸುಮಾರು 65ರಿಂದ 70 ಚದರ ಅಂಗುಲ. ಅವನದು ಸುಮಾರು 110 ಚದರ ಅಂಗುಲ. 1976ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಆ ವರ್ಷದ ಕೊನೆಯಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಒಳ್ಳೆಯ ಆಟಗಾರರು ಅದನ್ನು ಕಂಡು ನಕ್ಕರು. ಆಡಲು ಬಾರದವರ ಊರುಗೋಲೆಂದರು. ಎರಡೇ ವರ್ಷ ಕಳೆಯುವಷ್ಟರಲ್ಲಿ, 1978ರ ಅಮೆರಿಕನ್ ಓಪನ್ ಪಂದ್ಯಾವಳಿಯಲ್ಲಿ ಪ್ಯಾಮ್ ಶ್ರೈವರ್ ಎಂಬ ಹದಿನಾರು ವರ್ಷದ ಹುಡುಗಿ ಆ ಊರುಗೋಲನ್ನು ಹಿಡಿದು ಮಾರ್ಟಿನಾ ನವ್ರಾಟಿಲೋವಾರನ್ನು ಸೋಲಿಸಿ ಫೈನಲ್ ಪಂದ್ಯವನ್ನು ತಲಪಿದಳು. 1983ರಲ್ಲಿ ಯಾನಿಕ್ ನೋವಾ ಫ್ರೆಂಚ್ ಓಪನ್ನನ್ನು ಮರದ ರ‍್ಯಾಕೆಟ್ಟಿನಿಂದ ಗೆದ್ದದ್ದೇ ದೊಡ್ಡ ಪಂದ್ಯಾವಳಿಗಳಲ್ಲಿ ಮರಕ್ಕೆ ಸಂದ ಕೊನೆಯ ದೊಡ್ಡ ಗೌರವ. 1987ರ ಅನಂತರ ವಿಂಬಲ್ಡನ್ನಿನಲ್ಲಿ ಮರದ ರ‍್ಯಾಕೆಟ್ಟು ಕಾಣಿಸಲಿಲ್ಲ. ಕುಣಿಯಲಾರದವನೊಬ್ಬ ನೆಲ ಡೊಂಕೆಂದ, ಅಳೆದು ನೋಡಿದ, ಡೊಂಕಾಗಿಯೇ ಇತ್ತು!

ಮರದ ರ‍್ಯಾಕೆಟ್ಟಿನ ಕಾಲದಲ್ಲಿ ಆಟ ಕಲಿತವರಲ್ಲಿ ನಾನೂ ಒಬ್ಬ. ವಿದ್ಯಾರ್ಥಿನಿಲಯದಲ್ಲಿ ನನಗೆ ಹಿರಿಯನೊಬ್ಬ ಬಿಟ್ಟುಹೋದ ಹಳೆಯ ರ‍್ಯಾಕೆಟ್ಟು ಸಿಕ್ಕಿತ್ತು. ನಾಲ್ಕು ಮೂಲೆಗೂ ತಿರುಪಿರುವ ಮರದ ಒತ್ತುಹಲಗೆಯಲ್ಲಿ ಪ್ರತಿ ಸಂಜೆ ಅದನ್ನು ಬಿಗಿದಿಡಬೇಕಾಗಿತ್ತು. ಮಳೆಗಾಲದಲ್ಲಿ ಒಂದು ದಿನ ಮರೆತರೆ ಮರುದಿನ ಅದು ಹಪ್ಪಳದಂತೆ ಸೊಟ್ಟಗಾಗಿರುತ್ತಿತ್ತು. ಪ್ರಾಣಿಯ ಕರುಳಿನಿಂದ ಮಾಡಿದ ತಂತಿ ತೇವ ತಗುಲಿದರೆ ಕೆಟ್ಟುಹೋಗುತ್ತಿತ್ತು. ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲವಾದ್ದರಿಂದ ನೈಲಾನ್ ಕಟ್ಟಿಸುತ್ತಿದ್ದೆವು. ಸೋತಾಗ ರ‍್ಯಾಕೆಟ್ಟನ್ನು ದೂರುವುದು ಅಸಭ್ಯವೆಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಆ ಪಾಠವನ್ನು ನಾನು ಈಗಲೂ ತಪ್ಪೆನ್ನಲಾರೆ. ಆದರೆ ಆ ಸೊಟ್ಟ ರ‍್ಯಾಕೆಟ್ಟಿನಲ್ಲಿ ಸೋತ ಎಷ್ಟೋ ಹುಡುಗರು ತಮಗೆ ಆಟ ಬಾರದೆಂದೇ ನಂಬಿ ಬಿಟ್ಟುಹೋದರಲ್ಲ ಎಂದು ಈಗ ನೆನೆದರೆ ಮನಸ್ಸಿಗೆ ಹೇಗೋ ಆಗುತ್ತದೆ.

ಹೆಡ್‌ನ ಹಿಂದೆಯೇ ವಿಜ್ಞಾನಿಗಳು ಬಂದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಹೋವರ್ಡ್ ಬ್ರಾಡಿ 1979ರಲ್ಲಿ ಟೆನಿಸ್ ರ‍್ಯಾಕೆಟ್ಟಿನ ಭೌತಶಾಸ್ತ್ರವನ್ನು ಕುರಿತು ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಮಾರ್ಗದರ್ಶಕವಾದದ್ದು. ಆಟಗಾರರು 'ಸಿಹಿ ಜಾಗ' ಎಂದು ಕರೆಯುವುದು ಒಂದಲ್ಲ, ಮೂರು ಎಂದು ಆತ ತೋರಿಸಿದ. ಚೆಂಡು ತಾಗಿದಾಗ ಚೌಕಟ್ಟು ಎಲ್ಲಿ ಕಂಪಿಸುವುದಿಲ್ಲವೋ ಅದು ಒಂದು. ಎಲ್ಲಿ ತಾಗಿದರೆ ಕೈಗೆ ಎದುರುಬಡಿತ ಬರುವುದಿಲ್ಲವೋ ಅದು ಇನ್ನೊಂದು. ಎಲ್ಲಿಂದ ಚೆಂಡು ಅತ್ಯಂತ ವೇಗವಾಗಿ ಮರಳುವುದೋ ಅದು ಮೂರನೆಯದು. ಮೂರೂ ಒಂದೇ ಬಿಂದುವಿನಲ್ಲಿಲ್ಲ. ಹಿತವೆಂದು ಕೈ ಹೇಳುವ ಜಾಗ ಬೇರೆ, ಬಲವೆಂದು ಚೆಂಡು ಹೇಳುವ ಜಾಗ ಬೇರೆ. ಕಾವ್ಯದಲ್ಲಿ ಕಿವಿಗೆ ಇಂಪಾದದ್ದೆಲ್ಲ ಅರ್ಥದಲ್ಲಿ ಬಲವಾದದ್ದಲ್ಲವಷ್ಟೆ, ಇದೂ ಹಾಗೆಯೇ.

ತಂತಿಯ ಬಿಗಿಯನ್ನು ಕುರಿತೂ ನಮ್ಮ ಊಹೆ ತಲೆಕೆಳಗಾಗಿತ್ತು. ಬಿಗಿಯಾದ ತಂತಿಯಿಂದ ಹೊಡೆತಕ್ಕೆ ಬಲ ಬರುವುದೆಂದು ನಾನೂ ನಂಬಿದ್ದೆ. ನಿಜ ಅದರ ವಿರುದ್ಧ. ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು ಪುಟಿದೇಳುವುದು ಸುಮಾರು 140 ಸೆಂಟಿಮೀಟರ್ ಮಾತ್ರ. ಎಂದರೆ, ಅದುಮಿಸಿಕೊಂಡ ಚೆಂಡು ತನಗೆ ದೊರೆತ ಶಕ್ತಿಯಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ಕಳೆದುಕೊಳ್ಳುತ್ತದೆ. ತಂತಿಗಳಾದರೋ ತೆಗೆದುಕೊಂಡ ಶಕ್ತಿಯಲ್ಲಿ ಬಹುಪಾಲನ್ನು ಮರಳಿಸುತ್ತವೆ. ತಂತಿ ಸಡಿಲವಾಗಿದ್ದರೆ ಅದು ಬಾಗುತ್ತದೆ, ಚೆಂಡು ಕಡಿಮೆ ಅದುಮುತ್ತದೆ, ನಷ್ಟ ಕಡಿಮೆಯಾಗುತ್ತದೆ. ಬಿಗಿಯಾಗಿದ್ದರೆ ಚೆಂಡೇ ಅದುಮಿ ಶಕ್ತಿ ವ್ಯರ್ಥವಾಗುತ್ತದೆ. ಬಿಗಿಯಿಂದ ದೊರೆಯುವುದು ಬಲವಲ್ಲ, ಹತೋಟಿ. ಇದೆಲ್ಲ ನಡೆಯುವುದು ಸೆಕೆಂಡಿನ ಇನ್ನೂರರಲ್ಲೊಂದು ಭಾಗದಷ್ಟು ಕಾಲದಲ್ಲಿ. ಚೆಂಡು ತಂತಿಯ ಮೇಲಿರುವುದು ಅಷ್ಟೇ ಹೊತ್ತು.

ಸಾಧನವನ್ನು ತಿದ್ದುತ್ತ ಹೋದರೆ ಅದಕ್ಕೆ ಎಲ್ಲೆ ಎಲ್ಲಿ ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. ಜರ್ಮನಿಯ ವರ್ನರ್ ಫಿಷರ್ ಎಂಬಾತ ತಂತಿ ಕಟ್ಟುವ ಕ್ರಮವನ್ನೇ ಬದಲಾಯಿಸಿದ. ಉದ್ದದ ತಂತಿಗಳನ್ನು ಎರಡು ಪದರಗಳಾಗಿ ಕಟ್ಟಿ, ಅಡ್ಡ ತಂತಿಗಳೊಡನೆ ಹೆಣೆಯದೆ ಬಿಟ್ಟು, ಪ್ಲಾಸ್ಟಿಕ್ ಕೊಳವೆಗಳನ್ನು ತೊಡಿಸಿದ. ಚೆಂಡು ತಾಗಿದೊಡನೆ ತಂತಿಗಳು ಪಕ್ಕಕ್ಕೆ ಜಾರಿ, ಮರಳಿ ಸೆಟೆದು, ಚೆಂಡಿಗೆ ಅಸಾಧಾರಣವಾದ ತಿರುಗನ್ನು ಕೊಡುತ್ತಿದ್ದುವು. ಶಾವಿಗೆಯ ಜಾತಿಯ ಇಟಲಿಯ ತಿನಿಸಿನ ಹೆಸರನ್ನು ಇದಕ್ಕಿಟ್ಟು 'ಸ್ಪಾಗೆಟಿ ರ‍್ಯಾಕೆಟ್' ಎಂದು ಕರೆದರು. 1977ರ ಅಮೆರಿಕನ್ ಓಪನ್ನಿನಲ್ಲಿ, ಪಟ್ಟಿಯಲ್ಲಿ ಬಹಳ ಕೆಳಗಿದ್ದ ಮೈಕ್ ಫಿಶ್‌ಬ್ಯಾಕ್ ಎಂಬಾತ ಇಂಥ ರ‍್ಯಾಕೆಟ್ಟನ್ನು ತಾನೇ ಕಟ್ಟಿಕೊಂಡು ಬಂದು ಹಿಂದಿನ ಚಾಂಪಿಯನ್ ಸ್ಟಾನ್ ಸ್ಮಿತ್‌ನನ್ನು ಸೋಲಿಸಿದ. ಕೆಲವೇ ದಿನಗಳ ಅನಂತರ ಇಲಿ ನಸ್ತಾಸೆ ಇದೇ ರ‍್ಯಾಕೆಟ್ಟಿನ ಎದುರು ಸೋತು, ಸೋಲಿನಿಂದ ಪಾಠ ಕಲಿತು, ತಾನೂ ಅದನ್ನೇ ಹಿಡಿದು ಫ್ರಾನ್ಸಿನ ಎಕ್ಸಾಂಪ್ರೊವಾನ್ಸ್‌ನಲ್ಲಿ ಗಿಯೆರ್ಮೊ ವಿಲಾಸ್‌ನ ಎದುರು ಆಡಿದ. ಮಣ್ಣಿನ ಅಂಗಣದಲ್ಲಿ ಸತತವಾಗಿ 53 ಪಂದ್ಯಗಳನ್ನು ಗೆದ್ದಿದ್ದ ವಿಲಾಸ್ ಎರಡು ಸೆಟ್ ಸೋತು, ಇದು ಆಟವಲ್ಲವೆಂದು ಅಂಗಣದಿಂದ ಹೊರನಡೆದ. ಆ ತಿಂಗಳಲ್ಲೇ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಆ ರ‍್ಯಾಕೆಟ್ಟನ್ನು ತಡೆಹಿಡಿಯಿತು. 1978ರಲ್ಲಿ ಶಾಶ್ವತವಾಗಿ ನಿಷೇಧಿಸಿತು.

ಇಲ್ಲೊಂದು ಸ್ವಾರಸ್ಯವುಂಟು. ಅಲ್ಲಿಯವರೆಗೆ ರ‍್ಯಾಕೆಟ್ ಎಂದರೇನೆಂದು ಆಟದ ನಿಯಮಗಳಲ್ಲಿ ಎಲ್ಲಿಯೂ ಹೇಳಿರಲಿಲ್ಲ! ಬಲೆಯ ಎತ್ತರಕ್ಕೆ ನಿಯಮವಿತ್ತು, ಚೆಂಡಿನ ತೂಕಕ್ಕೆ ನಿಯಮವಿತ್ತು, ರ‍್ಯಾಕೆಟ್ಟಿಗಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ. ಒಬ್ಬ ಪ್ರಯೋಗಶೀಲ ಬಂದು ಎಲ್ಲೆ ದಾಟಿದಾಗಲೇ ಎಲ್ಲೆ ಇತ್ತೆಂಬುದು ತಿಳಿಯುತ್ತದೆ. ಭಾಷೆಗೂ ವ್ಯಾಕರಣಕ್ಕೂ ಇರುವ ಸಂಬಂಧವನ್ನು ಬಲ್ಲವರಿಗೆ ಇದು ಹೊಸತಲ್ಲ. ಇನ್ನೂ ಒಂದು ಸ್ವಾರಸ್ಯ: 1997ರಲ್ಲಿ ಬ್ರೆಜಿಲಿನ ಗುಸ್ತಾವೊ ಕುಯೆರ್ಟನ್ ಪಟ್ಟಿಯಲ್ಲಿ 66ನೆಯ ಸ್ಥಾನದಲ್ಲಿದ್ದವನು ಫ್ರೆಂಚ್ ಓಪನ್ ಗೆದ್ದದ್ದು ಪಾಲಿಯೆಸ್ಟರ್ ತಂತಿಯಿಂದ. ನುಣುಪಾದ, ಗಡುಸಾದ ಆ ತಂತಿ ಕೂಡ ಪಕ್ಕಕ್ಕೆ ಜಾರಿ ಮರಳಿ ಸೆಟೆದೇ ಚೆಂಡಿಗೆ ತಿರುಗನ್ನು ಕೊಡುತ್ತದೆ. ಮುಂಬಾಗಿಲಿನಿಂದ ಹೊರಗಟ್ಟಿದ ತತ್ತ್ವವೇ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕುಳಿತಿತು. ಇಂದಿನ ಆಟವೆಲ್ಲ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ.

ಸಾಧನವನ್ನು ಬದಲಾಯಿಸದಿರುವುದರಲ್ಲಿಯೂ ಒಂದು ದುರಂತವಿದೆ. ಐದು ಬಾರಿ ಸತತವಾಗಿ ವಿಂಬಲ್ಡನ್ ಗೆದ್ದ ಬ್ಯೋರ್ನ್ ಬೋರ್ಗ್ 1991ರಲ್ಲಿ, ಬಹುಕಾಲದ ವಿರಾಮದ ಅನಂತರ, ಮಾಂಟೆಕಾರ್ಲೋದ ಪಂದ್ಯಾವಳಿಗೆ ತನ್ನ ಹಳೆಯ ಮರದ ರ‍್ಯಾಕೆಟ್ಟನ್ನೇ ಹಿಡಿದು ಬಂದ. ಯೊರ್ಡಿ ಅರೇಸೆ ಎಂಬ ಸ್ಪೇನಿನ ಆಟಗಾರನ ಎದುರು ನೇರ ಸೆಟ್‌ಗಳಲ್ಲಿ ಸೋತ. ಆ ಸೋಲಿನಲ್ಲಿ ಮರದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ನಮ್ಮ ಭಾರತದ ಮೌಸಲಪರ್ವದಲ್ಲಿಯೂ ಇಂಥದೊಂದು ಸನ್ನಿವೇಶವುಂಟು. ಕೃಷ್ಣನ ನಿರ್ಯಾಣದ ಅನಂತರ ದ್ವಾರಕೆಯ ಸ್ತ್ರೀಯರನ್ನು ಕರೆದೊಯ್ಯುತ್ತಿದ್ದ ಅರ್ಜುನನ ಮೇಲೆ ದಾರಿಗಳ್ಳರು ಬೀಳುತ್ತಾರೆ. ಗಾಂಡೀವ ಅದೇ, ಆದರೆ ಅದಕ್ಕೆ ಹೆದೆಯೇರಿಸುವುದೇ ಅವನಿಗೆ ಕಷ್ಟವಾಗುತ್ತದೆ. ಬಿಲ್ಲು ಬದಲಾಗಲಿಲ್ಲ; ಬಿಲ್ಲಾಳು ಬದಲಾಗಿದ್ದ. ಅಲ್ಲಿ ನೆಲ ಸಮನಾಗಿತ್ತು.

ಬದಲಾಯಿಸುವುದಕ್ಕೂ ತಾಳ್ಮೆ ಬೇಕು. ರೋಜರ್ ಫೆಡರರ್ 90 ಚದರ ಅಂಗುಲದ ರ‍್ಯಾಕೆಟ್ಟಿನಿಂದ ಲೋಕವನ್ನೇ ಗೆದ್ದವನು. 2013ರಲ್ಲಿ ದೊಡ್ಡ ತಲೆಯ ರ‍್ಯಾಕೆಟ್ಟೊಂದನ್ನು ಎರಡು ಪಂದ್ಯಾವಳಿಗಳಲ್ಲಿ ಪರೀಕ್ಷಿಸಿದ. ತನಗಿಂತ ಬಹಳ ಕೆಳಗಿದ್ದವರಿಗೆ ಸೋತ. ಮತ್ತೆ ಹಳೆಯದಕ್ಕೆ ಮರಳಿದ. ಅಲ್ಲಿಗೇ ಬಿಟ್ಟಿದ್ದರೆ ಪರೀಕ್ಷೆಯ ಫಲ 'ಬೇಡ' ಎಂದಾಗುತ್ತಿತ್ತು. ಆದರೆ 2014ರಲ್ಲಿ 97 ಚದರ ಅಂಗುಲದ ರ‍್ಯಾಕೆಟ್ಟನ್ನು ಹಿಡಿದವನು ಅದನ್ನು ಬಿಡಲಿಲ್ಲ. 2017ರಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ನಡಾಲ್‌ನನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದ. ಹದಿನೈದು ದಿನದ ಪರೀಕ್ಷೆ ಹೇಳಿದ್ದನ್ನು ಮೂರು ವರ್ಷದ ಪರೀಕ್ಷೆ ಅಲ್ಲಗಳೆಯಿತು.

ಈಗ ನನ್ನ ಗೆಳೆಯರ ವಿಷಯಕ್ಕೆ ಮರಳುತ್ತೇನೆ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವರ ಬಲಮೊಣಕೈಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಆಡುವಾಗ ಮಾತ್ರವಿದ್ದದ್ದು ಆಮೇಲೆ ನೀರಿನ ತಂಬಿಗೆ ಎತ್ತುವಾಗಲೂ ಬಂದಿತು. ವೈದ್ಯರು ಕೆಲವು ವಾರ ವಿಶ್ರಾಂತಿ ಹೇಳಿದರು, ವ್ಯಾಯಾಮ ಹೇಳಿಕೊಟ್ಟರು, ಮರುಕಳಿಸಿದರೆ ಆಟವನ್ನೇ ಬಿಡಬೇಕಾಗಬಹುದೆಂದರು. ಮನೆಯಲ್ಲಿ ಎಲ್ಲರೂ ಅದೇ ಸರಿಯೆಂದರು. ಅರವತ್ತೈದು ದಾಟಿದವರಿಗೆ ಟೆನಿಸ್ ಬಿಡುವುದೆಂದರೆ ಒಂದು ಆಟವನ್ನು ಬಿಡುವುದಷ್ಟೇ ಅಲ್ಲ. ಬೆಳಗಿನ ಆರು ಗಂಟೆಯನ್ನೂ ಏಳೆಂಟು ಮಂದಿ ಗೆಳೆಯರನ್ನೂ ಬಿಟ್ಟು, ಮುಂದೆ ಬಿಡಬೇಕಾದವುಗಳ ಪಟ್ಟಿಗೆ ಮೊದಲ ಗೆರೆ ಎಳೆದಂತೆ. ಅವರು ಹಾಗೆಂದು ಹೇಳಲಿಲ್ಲ, ನನಗೆ ತಿಳಿಯಿತು.

ನೋವು ತಗ್ಗಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಒಂದು ದಿನ ನನ್ನನ್ನು ಕರೆದರು. "ಮೇಷ್ಟ್ರೇ, ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿರುವುದು ಎಷ್ಟು ನಿಜ ಎಂದು ನನಗೇ ಅನುಮಾನ. ಹೊಸ ರ‍್ಯಾಕೆಟ್ಟು ಬಂದ ಮೂರು ದಿನ ಯಾವುದಾದರೂ ಚೆನ್ನಾಗಿಯೇ ಆಡುತ್ತದೆ. ಬೆಲೆ ಹೆಚ್ಚಾದಷ್ಟೂ ಇನ್ನೂ ಚೆನ್ನಾಗಿ ಆಡುತ್ತದೆ. ನೀವು ನನ್ನ ಕಣ್ಣು ಕಟ್ಟಬೇಕು" ಎಂದರು.

ಅವರ ಉಪಾಯ ಹೀಗಿತ್ತು. ಮೂರು ರ‍್ಯಾಕೆಟ್‌ಗಳು. ತೂಕವನ್ನೂ ಸಮತೋಲವನ್ನೂ ಸಮನಾಗಿಸಬೇಕು. ಸ್ಕೇಲಿನ ಅಂಚಿನ ಮೇಲೆ ರ‍್ಯಾಕೆಟ್ಟನ್ನು ಅಡ್ಡಲಾಗಿಟ್ಟು ಯಾವ ಬಿಂದುವಿನಲ್ಲಿ ಅದು ಓಲದೆ ನಿಲ್ಲುತ್ತದೆಂದು ನೋಡಿದರು. ಕಡಿಮೆಯಿದ್ದ ಕಡೆ ಸೀಸದ ಪಟ್ಟಿ ಅಂಟಿಸಿದರು. ಹಿಡಿಯ ತುದಿಯಿಂದ ತೂಗುಹಾಕಿ, ಗಡಿಯಾರದ ಲೋಲಕದಂತೆ ಆಡಿಸಿ, ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡು ಎಂದೆಣಿಸಿದರು. ಬೀಸುವಾಗ ಕೈಗೆ ಎಷ್ಟು ಭಾರವೆನ್ನಿಸುವುದೆಂಬುದು ಅದರಿಂದ ತಿಳಿಯುತ್ತದೆ. ತಂತಿಯನ್ನು ಬೆರಳಿನಿಂದ ಮೀಟಿ ಶ್ರುತಿ ಕೇಳಿದರು. ಬಿಗಿ ಇಳಿದಂತೆ ಶ್ರುತಿಯೂ ಇಳಿಯುತ್ತದೆ. ಕಟ್ಟಿಸಿದ ದಿನದ ಶ್ರುತಿ ಎರಡು ವಾರದ ಮೇಲೆ ಉಳಿಯುವುದಿಲ್ಲವೆಂದು ವೀಣೆ ಬಲ್ಲ ಅವರ ಸೊಸೆ ಒಪ್ಪಿಕೊಂಡರು. ಆಮೇಲೆ ಮೂರರ ಕತ್ತಿಗೂ ಒಂದೇ ಬಣ್ಣದ ಬಟ್ಟೆ ಸುತ್ತಿ, ಹಿಡಿಗೂ ಒಂದೇ ಪಟ್ಟಿ ಸುತ್ತಿ, ಹೆಸರು ಕಾಣದಂತೆ ಮಾಡಿದೆವು. ತಂತಿಗಳೂ ಒಂದೇ ಬಣ್ಣದವು. ಮೂರರಲ್ಲಿ ಒಂದಕ್ಕೆ ಪಾಲಿಯೆಸ್ಟರ್, ಎರಡಕ್ಕೆ ಮೃದುವಾದ ನೈಲಾನ್. ಯಾವುದನ್ನು ಯಾವಾಗ ಕೊಡಬೇಕೆಂಬುದು ನನಗೆ ಬಿಟ್ಟದ್ದು. ಪ್ರತಿಯೊಂದರಿಂದಲೂ ಹತ್ತು ನಿಮಿಷ ಆಡಿ, ಹತ್ತಕ್ಕೆ ಇಷ್ಟು ಎಂದು ಅವರು ಅಂಕ ಹೇಳಬೇಕು, ನಾನು ಬರೆದುಕೊಳ್ಳಬೇಕು. ಜೀವಮಾನವೆಲ್ಲ ಅಂಕ ಹಾಕಿದವನಿಗೆ ಅದೇನೂ ಕಷ್ಟವಾಗಲಿಲ್ಲ.

ನಾಲ್ಕು ಬೆಳಗು ಹೀಗೆ ನಡೆಯಿತು. ನನ್ನ ಅಧ್ಯಾಪಕ ಬುದ್ಧಿ ಸುಮ್ಮನಿರಲಿಲ್ಲ: ಒಂದು ದಿನ ಒಂದೇ ರ‍್ಯಾಕೆಟ್ಟನ್ನು ಎರಡು ಬಾರಿ ಕೊಟ್ಟೆ. ಮೊದಲ ಬಾರಿ ಎಂಟು ಅಂಕ ಬಂದದ್ದಕ್ಕೆ ಎರಡನೆಯ ಬಾರಿ ಐದು ಬಂದಿತು. ಕೊನೆಯ ದಿನ ಬಟ್ಟೆ ಬಿಚ್ಚಿದೆವು. ಅವರು ಅತ್ಯುತ್ತಮವೆಂದು ಎರಡು ವರ್ಷದಿಂದ ಹೊಗಳುತ್ತಿದ್ದ, ಮಗ ಪರದೇಶದಿಂದ ತಂದುಕೊಟ್ಟ ಬೆಲೆಬಾಳುವ ರ‍್ಯಾಕೆಟ್ಟಿಗೆ ನಾಲ್ಕರಲ್ಲಿ ಮೂರು ದಿನ ಅತಿ ಕಡಿಮೆ ಅಂಕ ಬಂದಿತ್ತು. ಅವರು ಮಣ್ಣಿನ ಮೇಲೆಯೇ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಇಷ್ಟು ದಿನ ನಾನು ಬರೆದದ್ದು ರ‍್ಯಾಕೆಟ್ಟಿನ ಗುಣವಲ್ಲ, ನನ್ನ ಮನಸ್ಸಿನ ಚರಿತ್ರೆ" ಎಂದರು. ಆ ಮಾತನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ನಾನು ಬಲ್ಲೆ. ವಿಮರ್ಶಕನೊಬ್ಬ ತಾನು ಮೆಚ್ಚಿದ್ದು ಪದ್ಯವನ್ನಲ್ಲ, ಕವಿಯ ಹೆಸರನ್ನು ಎಂದು ಒಪ್ಪಿಕೊಂಡಂತೆ. ನಮ್ಮಲ್ಲಿ ಹಾಗೆ ಒಪ್ಪಿಕೊಂಡವರು ಎಷ್ಟು ಮಂದಿ?

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಅಂಕಗಳ ಪಕ್ಕದಲ್ಲಿ ನಾನು ಇನ್ನೊಂದು ಸಾಲನ್ನೂ ಬರೆದಿದ್ದೆ: ಮೊಣಕೈ ನೋವು ಬಂದಿತೇ, ಇಲ್ಲವೇ. ಅದನ್ನು ಓದಿದಾಗ ಇಬ್ಬರೂ ಸುಮ್ಮನಾದೆವು. ನಾಲ್ಕು ದಿನವೂ, ಮೊದಲು ಕೊಟ್ಟರೂ ಕೊನೆಗೆ ಕೊಟ್ಟರೂ, ಒಂದೇ ಒಂದು ರ‍್ಯಾಕೆಟ್ಟು ಕೈಗೆ ಬಂದು ಏಳೆಂಟು ನಿಮಿಷವಾಗುವಷ್ಟರಲ್ಲಿ ಅವರು ಮೊಣಕೈ ಒತ್ತಿಕೊಂಡಿದ್ದರು. ಅದು ಪಾಲಿಯೆಸ್ಟರ್ ತಂತಿಯದು. ಮೂರರಲ್ಲಿ ಅತ್ಯಂತ ಗಡುಸಾದ ಚೌಕಟ್ಟೂ ಅದರದೇ. ಮಗ ತಂದುಕೊಟ್ಟದ್ದೂ ಅದೇ. ಗಡುಸು ಚೌಕಟ್ಟು, ಗಡುಸು ತಂತಿ ಮೊಣಕೈಗೆ ಒಳ್ಳೆಯದಲ್ಲವೆಂದು ಆಟದ ಬಲ್ಲವರೂ ಎಚ್ಚರಿಸುತ್ತಾರೆ. ನಾಲ್ಕು ದಿನದ ಒಬ್ಬರ ಪರೀಕ್ಷೆ ಶಾಸ್ತ್ರವಾಗುವುದಿಲ್ಲ, ನಿಜ. ಆದರೆ ಕಣ್ಣು ಮೋಸಹೋದ ಕಡೆಯೂ ಕೀಲು ಮೋಸಹೋಗಿರಲಿಲ್ಲ. ಅವರ ನೋವಿನ ಮಟ್ಟಿಗೆ ನೆಲ ಡೊಂಕಾಗಿತ್ತು.

ಎರಡನೆಯ ಸರ್ವೀಸಿನ ಲೆಕ್ಕವನ್ನೂ ನೋಡಿದೆವು. ಮೂರು ರ‍್ಯಾಕೆಟ್ಟಿನಲ್ಲಿಯೂ ಅದು ಒಂದೇ ಸಮನಾಗಿ ಬಲೆಗೆ ಬಿದ್ದಿತ್ತು. ಅಲ್ಲಿ ನೆಲದ ದೋಷ ಕಿಂಚಿತ್ತೂ ಇರಲಿಲ್ಲ!

ಸಾಧನವನ್ನು ಪರೀಕ್ಷಿಸುವ ಈ ಹುಚ್ಚನ್ನು ನಾನು ಈಗ ಮೊದಲಿನಷ್ಟು ಹಗುರವಾಗಿ ಕಾಣಲಾರೆ. ಸೋತವನು ನೆಲವನ್ನು ದೂರಬಹುದು, ತನ್ನನ್ನೇ ಹಳಿದುಕೊಳ್ಳಬಹುದು; ಎರಡೂ ಸುಲಭ, ಎರಡಕ್ಕೂ ಅಳತೆ ಬೇಕಾಗಿಲ್ಲ. ಇಷ್ಟು ಭಾಗ ನೆಲದ್ದು, ಇಷ್ಟು ಭಾಗ ನನ್ನದು ಎಂದು ಬೇರ್ಪಡಿಸಿ ನೋಡುವುದು ಕಷ್ಟ. ಅದಕ್ಕೆ ಅಡಿಗೆಮನೆಯ ತಕ್ಕಡಿ ಬೇಕು, ಒಂದು ಬಟ್ಟೆಯ ಚೂರು ಬೇಕು, ಅಂಕ ಬರೆದುಕೊಳ್ಳುವ ಒಬ್ಬ ಗೆಳೆಯ ಬೇಕು. ಬಟ್ಟೆ ಬಿಚ್ಚಿದಾಗ ಕಂಡದ್ದನ್ನು ಒಪ್ಪಿಕೊಳ್ಳುವ ಎದೆ ಬೇಕು. ಪೆನ್ನು ಸರಿಯಿರಲಿಲ್ಲವೆಂದ ಆ ಹುಡುಗರಲ್ಲಿ ಒಬ್ಬನ ಪೆನ್ನನ್ನಾದರೂ ನಾನು ಕೈಗೆ ತೆಗೆದುಕೊಂಡು ಒಂದು ಸಾಲು ಬರೆದು ನೋಡಬಹುದಾಗಿತ್ತು.

ನನ್ನ ಗೆಳೆಯರು ಈಗ ವಾರಕ್ಕೆ ಮೂರು ದಿನ ಆಡುತ್ತಾರೆ. ಮೃದುವಾದ ತಂತಿ, ಸಡಿಲವಾದ ಬಿಗಿ. ಎಂಟು ರ‍್ಯಾಕೆಟ್‌ಗಳು ಕ್ಲಬ್ಬಿನ ಹುಡುಗರ ಕೈ ಸೇರಿವೆ. ತಕ್ಕಡಿ ಅಡಿಗೆಮನೆಗೆ ಮರಳಿದೆ. ಎರಡನೆಯ ಸರ್ವೀಸು ಇಂದಿಗೂ ಬಲೆಗೆ ಬೀಳುತ್ತದೆ. ಬಿದ್ದೊಡನೆ ಅವರು ಹಳೆಯ ಅಭ್ಯಾಸಬಲದಿಂದ ರ‍್ಯಾಕೆಟ್ಟಿನ ಕಡೆ ಒಮ್ಮೆ ದಿಟ್ಟಿಸುತ್ತಾರೆ. ಆಮೇಲೆ ನನ್ನ ಕಡೆ ನೋಡಿ ನಗುತ್ತಾರೆ. ಮತ್ತೆ ಚೆಂಡನ್ನು ಮೇಲಕ್ಕೆಸೆಯುತ್ತಾರೆ.

(ಬಾನುಲಿ ಭಾಷಣದ ಅಕ್ಷರರೂಪ)